ಒಂದು ಮೊಳದ ಅಂತರ

ಕಳೆದ ತಿಂಗಳು ಹಳೆಯ ಟ್ರಂಕನ್ನು ತೆರೆದಾಗ ಕರ್ಪೂರದ ವಾಸನೆ ಮುಖಕ್ಕೆ ಬಡಿಯಿತು. ಬಟ್ಟೆಗೆ ಹುಳ ಹತ್ತದಿರಲೆಂದು ಹೆಂಡತಿ ಇಟ್ಟಿದ್ದ ಬಿಲ್ಲೆಗಳವು. ನನಗೆ ಮಾತ್ರ ತೊಂಬತ್ತರ ದಶಕದ ಸಿಂಧನೂರು ನೆನಪಾಯಿತು. ದೂರದ ಶಹರವೊಂದರಲ್ಲಿ ಅಂಟುಜ್ವರ ಹಬ್ಬಿದೆಯೆಂಬ ಸುದ್ದಿ ಬಂದು, ಜನ ಕರ್ಪೂರ ಕಟ್ಟಿದ ಕರವಸ್ತ್ರವನ್ನು ಮೂಗಿಗೆ ಹಿಡಿದು ಓಡಾಡುತ್ತಿದ್ದ ದಿನಗಳು. ನಮ್ಮಲ್ಲಿ ಒಬ್ಬರಿಗೂ ಜ್ವರ ಬಂದಿರಲಿಲ್ಲ. ಆದರೂ ಯಾರಾದರೂ ಕೆಮ್ಮಿದರೆ ಇಡೀ ಬಸ್ಸು ತಿರುಗಿ ನೋಡುತ್ತಿತ್ತು…

ನಾನು ಅಲ್ಲಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಅಲ್ಲಿಗೆ ವಾರಕ್ಕೆರಡು ದಿನ ಲಿಂಗಸುಗೂರಿನಿಂದ ಒಬ್ಬ ನೃತ್ಯಶಿಕ್ಷಕಿ ಬರುತ್ತಿದ್ದರು. ಅವರ ಕೆಲಸ ತಾತ್ಕಾಲಿಕವಾಗಿತ್ತು, ವಾರ್ಷಿಕೋತ್ಸವ ಸುಸೂತ್ರವಾಗಿ ನಡೆದರೆ ಕಾಯಂ ಮಾಡುವುದಾಗಿ ಆಡಳಿತ ಮಂಡಳಿ ಮಾತು ಕೊಟ್ಟಿತ್ತು.

ಅವರು ಕಲಿಸಿದ ನೃತ್ಯಕ್ಕೆ ಹಾಡಿರಲಿಲ್ಲ, ಕಥೆಯಿರಲಿಲ್ಲ. ಒಂದು ಹಲಗೆ ವಾದ್ಯದ ಬಡಿತವಷ್ಟೆ. ಹನ್ನೆರಡು ಹುಡುಗಿಯರು ಎರಡು ಸಾಲಾಗಿ, ಗದ್ದೆಯಲ್ಲಿ ನೆಲ್ಲಿನ ಸಸಿ ಹಚ್ಚುವವರಂತೆ ಬಾಗಿ, ಎರಡು ಬದಿಯಿಂದ ಹಿಂದಕ್ಕೆ ಹೆಜ್ಜೆಯಿಡುತ್ತ ಬರಬೇಕು. ಕೊನೆಗೆ ಜೋಡಿ ಜೋಡಿಯಾಗಿ ಬೆನ್ನಿಗೆ ಬೆನ್ನು ತಾಗಬೇಕು.

“ಇದು ಡ್ಯಾನ್ಸ್ ಅಲ್ಲರಿ, ಕೂಲಿ ಕೆಲಸ,” ಎಂದು ಡ್ರಿಲ್ ಮಾಸ್ತರರು ನಕ್ಕರು.

“ಕೂಲಿ ಹೆಣ್ಮಕ್ಕಳ ಬೆನ್ನು ಒಂದ್ಸಲರ ನೋಡೀರೇನ್ರಿ, ಸರ್ರ?” ಎಂದು ಆಕೆ ಕೇಳಿದರು.

ಆದರೆ ಮಕ್ಕಳು ಒಬ್ಬರನ್ನೊಬ್ಬರು ಮುಟ್ಟಕೂಡದೆಂದು ಪಾಲಕರು ಪಟ್ಟು ಹಿಡಿದರು. ಅಂತರ ಕಾಯುವ ಹೊಣೆಯನ್ನು ಮುಖ್ಯೋಪಾಧ್ಯಾಯರು ನನಗೆ ವಹಿಸಿದರು. ನಾನು ಅಳತೆಪಟ್ಟಿ ಹಿಡಿದು, ಎರಡು ಸಾಲುಗಳ ನಡುವೆ ಒಂದು ಮೊಳದ ಜಾಗ ಬಿಟ್ಟು, ವೇದಿಕೆಯ ಮೇಲೆ ಸುಣ್ಣದ ಗೆರೆಗಳನ್ನು ಎಳೆದೆ. ಅವು ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ. ಶಿಕ್ಷಕಿ ಅವನ್ನು ನೋಡಿ, ಹುಡುಗಿಯರತ್ತ ತಿರುಗಿದರು. “ಮುಟ್ಟಬ್ಯಾಡ್ರಿ. ಮುಟ್ಟಬೇಕನ್ನೂದು ಬೆನ್ನಿನಾಗ ಕಾಣ್ಲಿ.”

ಆ ಹನ್ನೆರಡು ಮಂದಿಯಲ್ಲಿ ಹತ್ತಿರದ ಹಳ್ಳಿ ಮುಕ್ಕುಂದದ ಒಬ್ಬ ಹುಡುಗಿಯಿದ್ದಳು. ಅವಳ ತಂದೆ ಜ್ವರದ ಸುದ್ದಿ ಬಂದ ಶಹರದಿಂದಲೇ ಮರಳಿದ್ದ. ಆರೋಗ್ಯವಾಗಿಯೇ ಇದ್ದ, ಆದರೂ ಅವಳ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಅವಳನ್ನು ಕೈಬಿಡಬೇಕೆಂದು ಹಲವರು ಹೇಳಿದರು. ಶಿಕ್ಷಕಿ ಕೈಬಿಡಲಿಲ್ಲ.

ವಾರ್ಷಿಕೋತ್ಸವ ಮಧ್ಯಾಹ್ನ ನಡೆಯಿತು. ಹುಡುಗಿಯರು ಹಿಂದಕ್ಕೆ ಹೆಜ್ಜೆಯಿಡುತ್ತ ಬಂದು, ಗೆರೆಯಲ್ಲಿ ಸರಿಯಾಗಿ ನಿಂತರು. ಮುಕ್ಕುಂದದವಳ ಜೋಡಿಯಾಗಬೇಕಿದ್ದವಳು ಮಾತ್ರ ಅಂಜಿ ವೇದಿಕೆಯ ಅಂಚಿನಲ್ಲಿಯೇ ಉಳಿದಿದ್ದಳು. ಅದನ್ನು ಕಾಣದ ಈ ಹುಡುಗಿ ಗೆರೆಯ ಮೇಲೆ ಬಾಗಿ ನಿಂತು, ಒಂದು ಕೈಯನ್ನು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತಡಕಿದಳು. ಮತ್ತೆ ತಡಕಿದಳು.

ಆಗ ಶಿಕ್ಷಕಿ ಹಲಗೆ ಬಾರಿಸುವವನ ಪಕ್ಕದಿಂದ ಎದ್ದರು. ನನ್ನ ಗೆರೆಗಳನ್ನು ತುಳಿದು ಹೋಗಿ, ಬಾಗಿ, ತಮ್ಮ ಬೆನ್ನನ್ನು ಆ ಹುಡುಗಿಯ ಬೆನ್ನಿಗೆ ಆನಿಸಿ ನಿಂತರು. ಪಾಲಕರು ಒಬ್ಬೊಬ್ಬರಾಗಿ ಎದ್ದು ಮಕ್ಕಳನ್ನು ಎಳೆದುಕೊಂಡು ಹೋದರು.

ಮರುದಿನ ಮಂಡಳಿಯ ಅಧ್ಯಕ್ಷರು ಶಿಕ್ಷಕಿಯ ಎದುರಿಗೇ ನನ್ನನ್ನು ಕೇಳಿದರು: “ಗೆರಿ ದಾಟಿದ್ದು ಖರೇನ್ರಿ?”

“ಖರೇರಿ,” ಎಂದೆ.

ಹುಡುಗಿ ಒಂಟಿಯಾಗಿ ನಿಂತಿದ್ದಳೇ, ಗಾಳಿಯಲ್ಲಿ ಕೈ ತಡಕುತ್ತಿದ್ದಳೇ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರಿಸುವುದು ಆಗ ನನಗೊಂದು ಹೆಮ್ಮೆ. ಅಧ್ಯಕ್ಷರು ಆಕೆಗೆ ಇನ್ನು ಬರುವುದು ಬೇಡವೆಂದರು. ಶಿಕ್ಷಕಿ ನನ್ನನ್ನೊಮ್ಮೆ ನೋಡಿದರು. “ಬರ್ತೀನ್ರಿ, ಸರ್ರ,” ಎಂದು ಚೀಲವನ್ನು ಹೆಗಲಿಗೇರಿಸಿ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿದರು. ಮತ್ತೆ ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಊರು ಜ್ವರವನ್ನು ಮರೆಯಿತು. ಎಷ್ಟೋ ವರ್ಷಗಳ ಮೇಲೆ ಲಿಂಗಸುಗೂರಿನಲ್ಲಿ ವಿಚಾರಿಸಿದೆ; ಮನೆ ಬಿಟ್ಟು ಎಲ್ಲಿಗೆ ಹೋದರೋ ಯಾರಿಗೂ ತಿಳಿದಿರಲಿಲ್ಲ…

ನಿನ್ನೆ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಮುಕ್ಕುಂದದ ಆ ಹುಡುಗಿ ಸಿಕ್ಕಿದಳು. ತಲೆ ನರೆತಿದೆ, ಬಳಗಾನೂರಿನಲ್ಲಿ ಸಂಸಾರ. ಕಾಲಿಗೆ ನಮಸ್ಕರಿಸಿ, ಮೊದಲು ಕೇಳಿದ್ದು ಇದನ್ನೇ: “ಡ್ಯಾನ್ಸ್ ಟೀಚರ್ ನಮ್ಮನ್ನ ಯಾಕ ಬಿಟ್ಟು ಹೋದ್ರು, ಸರ್ರ? ನನ್ನ ಮುಟ್ಟಿದ್ದಕ್ಕ ಅಂಜಿದ್ರೇನು?”

“ಅವರು ಅಂಜಲಿಲ್ಲವ್ವ. ಅವರಾಗೇ ಬಿಟ್ಟೂ ಹೋಗಲಿಲ್ಲ,” ಎಂದೆ.

ಅವಳು ಮುಂದಿನ ಮಾತಿಗಾಗಿ ನನ್ನ ಮುಖವನ್ನೇ ನೋಡುತ್ತ ನಿಂತಳು. ಬಳಗಾನೂರಿನ ಬಸ್ಸು ಬಂತು. ಅದು ಹೊರಡುವವರೆಗೂ, ಅಂದು “ಖರೇರಿ” ಎಂದವನು ನಾನೆಂದು ನಾನು ಹೇಳಲಿಲ್ಲ.