ಹರಳೆಣ್ಣೆ ಹಚ್ಚಿದ ಬಲಗೈ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಆಸ್ಟ್ರೇಲಿಯಾದ ಪರ್ತಿನ ವೆಲ್ಷ್‌ಪೂಲ್‌ನಲ್ಲಿ, ಗೋದಾಮುಗಳ ನಡುವಿನ ಕಂಪ್ಯೂಟರ್ ಆಟದ ಹಾಲಿನಲ್ಲಿ ನನಗೊಂದು ಖಾಯಂ ಕುರ್ಚಿಯಿದೆ. ಹೇಗೆ ಸಿಕ್ಕಿತೆಂದು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ.

ನನ್ನ ಮೊಮ್ಮಗಳು ಅಲ್ಲಿ ಐದು ಜನರ ತಂಡದಲ್ಲಿ ಆಡುತ್ತಾಳೆ. ಅಡಿಲೇಡಿನ ಪಂದ್ಯಕ್ಕೆ ಮೂರು ವಾರವಿತ್ತು. ಒಂದು ಬೆಳಿಗ್ಗೆ ಅವಳು ದೋಸೆಯನ್ನು ಎಡಗೈಯಲ್ಲಿ ಮುರಿದಳು. ನಮ್ಮ ಮನೆಯಲ್ಲಿ ಎಡಗೈಯಲ್ಲಿ ತಿನ್ನುವುದುಂಟೇ? ಬಲಗೈ ಎಳೆದು ನೋಡಿದೆ. ಮಣಿಕಟ್ಟು ಊದಿಕೊಂಡಿತ್ತು.

"ಅಜ್ಜಿ, ಪ್ಲೀಸ್, ಡೋಂಟ್ ಟೆಲ್ ಎನಿವನ್. ಕೋಚ್ ವಿಲ್ ಡ್ರಾಪ್ ಮಿ."

"ಯಾರ್ಗೂ ಹೇಳಲ್ಲ, ನನ್ನಾಣೆ."

ಹೇಳುವುದಿಲ್ಲ ಎಂದೆ ನಿಜ. ಸುಮ್ಮನಿರುತ್ತೇನೆ ಎನ್ನಲಿಲ್ಲವಲ್ಲ!

ಅವತ್ತು ಮಧ್ಯಾಹ್ನ ಅಭ್ಯಾಸಕ್ಕೆ ಅವಳ ಜೊತೆ ನಾನೂ ಹೊರಟೆ. ಚೀಲದಲ್ಲಿ ಹರಳೆಣ್ಣೆ ಸೀಸೆ. "ಕೈ ಕೊಡಮ್ಮ, ಸ್ವಲ್ಪ ನೀವ್ತೀನಿ" ಎಂದು ಮೊಣಕೈಯಿಂದ ಬೆರಳ ತುದಿಯವರೆಗೆ ಧಾರಾಳವಾಗಿ ಬಳಿದೆ. ಆ ಕೈಗೆ ಒಂದು ದಿನವಾದರೂ ಬಿಡುವು ಸಿಗಲಿ ಎಂಬುದೇ ನನ್ನ ಹೂಟ. ಅವಳು ಮೌಸ್ ಹಿಡಿದರೆ ಅದು ಒದ್ದೆ ಸೋಪಿನ ಹಾಗೆ ಜಾರಿತು.

ಕೋಚ್ ಓಡಿ ಬಂದ. ಮೈಸೂರಿನವನು, ವಾರವೆಲ್ಲ ಗಣಿಯಲ್ಲಿ ಇಂಜಿನಿಯರ್, ಶನಿವಾರ ಭಾನುವಾರ ಇಲ್ಲಿ ಕೋಚ್.

"ಏನ್ ಆಂಟಿ ಇದು! ಕೈನ ಬಜ್ಜಿ ಥರ ಎಣ್ಣೇಲಿ ಅದ್ಬಿಟ್ಟಿದೀರಲ್ಲ!"

"ನಂಗೇನಪ್ಪ ಗೊತ್ತು, ಓದಿಲ್ಲ ಬರ್ದಿಲ್ಲ. ನೀನೇ ಒರೆಸು."

ಅವನು ಮಣಿಕಟ್ಟು ಮುಟ್ಟಿದ್ದೇ ತಡ, ಮೊಮ್ಮಗಳು "ಔಚ್!" ಎಂದಳು. ಆಮೇಲೆ ನನ್ನನ್ನು ನೋಡಿದ ನೋಟ ನೆನೆದರೆ ಈಗಲೂ ನಗು ಬರುತ್ತದೆ.

"ಎಷ್ಟ್ ದಿನದಿಂದ?" ಎಂದ ಕೋಚ್.

"ಟೂ ವೀಕ್ಸ್. ಆಮ್ ಐ ಔಟ್?"

"ಹತ್ ದಿನ ಮೌಸ್ ಮುಟ್ಬೇಡ. ಫಿಸಿಯೋ ಓಕೆ ಅಂದ್ರೆ ಅಡಿಲೇಡ್‌ಗೆ ನೀನೇ. ಗಣೀಲಿ ದಿನಾ ಕೇಳ್ತೀವಿ, ಮೈಕೈ ಸರಿಯಿದ್ಯಾ ಅಂತ. ಇಲ್ಲಿ ಕೇಳ್ಲೇ ಇಲ್ಲ ನಾನು."

ಅಷ್ಟರಲ್ಲಿ ತಂಡದ ಇನ್ನೊಬ್ಬಳು ಮೆಲ್ಲಗೆ ಅಂಗಿಯ ತೋಳು ಮೇಲಕ್ಕೆ ಮಡಚಿದಳು. "ಅಜ್ಜಿ, ಮೈನ್ ಟೂ." ಅವಳ ಹಿಂದೆ ಮತ್ತಿಬ್ಬರು. ಸೀಸೆ ಖಾಲಿಯಾಯಿತು, ಕುರ್ಚಿ ನನ್ನದಾಯಿತು.

ಫಿಸಿಯೋ ಒಪ್ಪಿದರು. ಅಡಿಲೇಡಿಗೆ ನನ್ನನ್ನೂ ಕರೆದೊಯ್ದರು. ನಮ್ಮವರು ಎರಡನೇ ಆಟದಲ್ಲೇ ಸೋತರು. ಆದರೆ ಗೆದ್ದ ತಂಡದ ಹುಡುಗಿ ಮೊಮ್ಮಗಳ ಬಲಗೈ ಹಿಡಿದು ಜೋರಾಗಿ ಕುಲುಕಿದಾಗ ಇವಳು ಮುಖ ಕಿವುಚಲಿಲ್ಲ, ನಕ್ಕಳು! ನನಗೆ ಸಂತೋಷ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಬಿಳಿಕೂದಲಿನ ಹೆಂಗಸನ್ನು ತಬ್ಬಿಕೊಂಡು ಕುಣಿದೇಬಿಟ್ಟೆ. ಆಕೆಯೂ ಕುಣಿದಳು. ಆಮೇಲೆ ತಿಳಿಯಿತು, ಅವಳು ಗೆದ್ದ ಹುಡುಗಿಯ ಅಜ್ಜಿಯಂತೆ.