ನಲವತ್ತು ಮನೆ, ನಲವತ್ತು ಸೊನ್ನೆ

ನಿನ್ನೆ ಮಧ್ಯಾಹ್ನ ಮೊಬೈಲು ಟಿಂಗ್ ಎಂದಿತು. ನೋಡಿದರೆ ಆದೇಶ: ಮನೆಮನೆ ಸಮೀಕ್ಷೆಗೆ ಮತ್ತೆ ನಾವೇ! ಹೊಸಪೇಟೆಯ ನಮ್ಮ ಶಾಲೆಯಲ್ಲಿ ಉಳಿದ ಮೇಷ್ಟ್ರುಗಳು ಹಣೆ ಹಣೆ ಚಚ್ಚಿಕೊಂಡರು, ನಾನೊಬ್ಬ ಹಿಗ್ಗಿದೆ. ನಗಬೇಡಿ. ಇನ್ನೊಬ್ಬರ ಕಟ್ಟೆಯ ಮೇಲೆ ಕುಳಿತು, ಅವರದೇ ಚಹಾ ಕುಡಿಯುತ್ತ, ಅವರ ಸಂಸಾರದ ವಿಚಾರ ಕೇಳಲು ಸರ್ಕಾರವೇ ಪರವಾನಗಿ ಕೊಡುವ ಸುಖ ಬೇರೆ ಯಾವ ನೌಕರಿಯಲ್ಲಿದೆ ಹೇಳಿ?

ಈ ರುಚಿ ಹತ್ತಿದ್ದು ಕೆಲವು ವರ್ಷಗಳ ಹಿಂದೆ, ಕಂಪ್ಲಿ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದಾಗ. ಜನರಲ್ಲಿ ಅಂಗವಿಕಲತೆ ಎಷ್ಟಿದೆ ಎಂದು ಅಳೆಯುವ ಸಮೀಕ್ಷೆ ಅದು. ಮೊದಲ ದಿನ ಬಾಗಿಲು ಬಾಗಿಲಿಗೆ ನಿಂತು, "ನಿಮ್ಮ ಮನ್ಯಾಗ ಅಂಗವಿಕಲರು ಯಾರರ ಅದಾರೇನ್ರಿ?" ಎಂದು ಕೇಳುತ್ತ ಹೋದೆ. "ಇಲ್ರಿ ಸರ್, ದೇವರು ದೊಡ್ಡಾವ, ಎಲ್ಲಾರೂ ಗಟ್ಟಿಮುಟ್ಟು ಅದೀವಿ" ಎಂದರು. ಸಂಜೆಯೊಳಗೆ ನಲವತ್ತು ಮನೆ, ನಲವತ್ತು ಸೊನ್ನೆ. ಎಷ್ಟು ಚುರುಕು ಕೆಲಸ ಎಂದು ಎದೆಯುಬ್ಬಿಸಿಕೊಂಡೇ ಹಾಳೆಗಳನ್ನು ಮೇಲ್ವಿಚಾರಕಿ ಸರೋಜಮ್ಮನವರ ಕೈಗಿಟ್ಟೆ.

ಆಕೆ ನಿವೃತ್ತ ನರ್ಸು. ಹಾಳೆ ತಿರುವಿ ಹಾಕಿ, ಚಷ್ಮಾದ ಮೇಲಿನಿಂದ ನನ್ನನ್ನು ನೋಡಿದರು.

"ಏನ್ರಿ ಮಾಸ್ತರ, ನೀವು ಹೋಗಿದ್ದು ಊರಿಗೋ, ದೇವಲೋಕಕ್ಕೋ?"

"ಅವ್ರ ಇಲ್ಲ ಅಂದ್ರು ಮೇಡಂ."

"ಅಂಗವಿಕಲರು ಅಂತ ಹೆಸರು ಹಿಡದು ಕೇಳಿದ್ರ ಯಾರರ ಹೂಂ ಅಂತಾರೇನ್ರಿ? ಏನು ಮಾಡಾಕ ತ್ರಾಸ ಆಗ್ತದ ಅಂತ ಕೇಳ್ರಿ. ನೋಡಾಕ, ನಡಿಯಾಕ, ಕೇಳಾಕ, ನೆನಪಿಡಾಕ. ಸ್ವಲ್ಪೋ, ಭಾಳೋ, ಆಗೂದ ಇಲ್ಲೋ. ಹೋಗ್ರಿ, ಮತ್ತ ಅದ ಮನಿಗಳಿಗೆ ಹೋಗ್ರಿ."

ಮುಖ ಸಣ್ಣದು ಮಾಡಿಕೊಂಡು ಮರುದಿನ ಮತ್ತೆ ಹೋದೆ. ಮೊದಲ ಮನೆಯ ಅಜ್ಜನಿಗೆ "ಮೆಟ್ಲ ಹತ್ತಾಕ?" ಎಂದದ್ದೇ ತಡ, "ಅಯ್ಯ, ಅದನ್ನ ಕೇಳಬ್ಯಾಡ್ರಿ! ಗುಡಿ ಮೆಟ್ಲ ಹತ್ತಿ ಮೂರು ವರ್ಷಾತು. ಕೆಳಗಿಂದನ ಕೈ ಮುಗಿದು ಬರ್ತೀನಿ" ಎಂದ. ನಿನ್ನೆ ಗಟ್ಟಿಮುಟ್ಟು ಇದ್ದವನು ಇವನೇ! ಪಕ್ಕದ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಮುದುಕಿ, "ಕಲ್ಲು ಕೈಗೆ ಸಿಗ್ತಾವಪ್ಪ, ಕಣ್ಣಿಗಲ್ಲ" ಎಂದಳು. ನನಗೋ ಹುಚ್ಚು ಹಿಡಿದ ಹಾಗಾಯಿತು. ಇನ್ನೊಬ್ಬರ ಕಷ್ಟ ಸಿಕ್ಕಿತೆಂದು ಹಿಗ್ಗುವುದು ಪಾಪವೆಂದು ಗೊತ್ತು. ಆದರೆ ನಿನ್ನೆ ಇಲ್ಲವೇ ಇಲ್ಲ ಎಂದಿದ್ದ ಜನ ಇವತ್ತು ಒಬ್ಬೊಬ್ಬರಾಗಿ ಹಾಳೆಗೆ ಬಂದು ಕೂರತೊಡಗಿದರೆ ಯಾರಿಗೆ ತಾನೇ ಸುಮ್ಮನಿರಲಾಗುತ್ತದೆ? ಊಟವನ್ನೂ ಮರೆತು ಓಣಿ ಓಣಿ ಓಡಿದೆ.

ಹಾಗೆ ಓಡುತ್ತ ಹುಲಿಗೆಮ್ಮನ ಮನೆಗೆ ಬಂದೆ. ಅವಳ ಮಗಳು ರೇಣುಕಾ ನನ್ನದೇ ವಿದ್ಯಾರ್ಥಿನಿ. ಪ್ರಶ್ನೆ ಕೇಳಿದರೆ ಗೋಡೆ ನೋಡುವ ದಡ್ಡಿ ಎಂದು ಎರಡು ವರ್ಷದಿಂದ ಅವಳನ್ನು ಕೊನೆಯ ಸಾಲಿಗೆ ಹಾಕಿದ್ದೆ.

"ಕೇಳಾಕ ತ್ರಾಸ ಏನರ?"

"ಕೆಪ್ಪಿ ಏನಲ್ರಿ ಸರ್. ಎದುರು ನಿಂತು ಮಾತಾಡಿದ್ರ ಎಲ್ಲಾ ತಿಳಿತದ. ಹಿಂದಿಂದ ಕರದ್ರ ಹೊಳ್ಳಿ ನೋಡಂಗಿಲ್ಲ, ಅಷ್ಟ."

ಪೆನ್ನು ನಿಂತಿತು. ನಾನು ಪ್ರಶ್ನೆ ಕೇಳುವುದು ಯಾವಾಗಲೂ ಬೋರ್ಡಿನ ಮೇಲೆ ಬರೆಯುತ್ತ, ಮಕ್ಕಳಿಗೆ ಬೆನ್ನು ಹಾಕಿ. ಹುಲಿಗೆಮ್ಮ ನನ್ನ ಹಾಳೆಯ ಅಂಚು ಹಿಡಿದುಕೊಂಡು, "ಬರದ್ರ ನಾಳೆ ಲಗ್ನಕ್ಕ ತೊಡಕ ಆಗಂಗಿಲ್ಲೇನ್ರಿ?" ಎಂದಳು. ಬಾಗಿಲಲ್ಲಿ ನಿಂತು ನಮ್ಮಿಬ್ಬರ ತುಟಿಗಳನ್ನೇ ನೋಡುತ್ತಿದ್ದ ರೇಣುಕಾ ಮುಂದೆ ಬಂದಳು.

"ಬರೀರಿ ಸರ್. ಭಾಳ ಅಂತ ಬರೀರಿ."

ತಾಯಿ ಹಾಳೆ ಬಿಟ್ಟಳು. ನಾನು ಬರೆದೆ. ಮರುದಿನ ತರಗತಿಯಲ್ಲಿ ರೇಣುಕಾಳನ್ನು ಮುಂದಿನ ಸಾಲಿಗೆ ಕರೆದು, ಎದುರು ನಿಂತು ಏಳರ ಮಗ್ಗಿ ಕೇಳಿದೆ. ಎಲ್ಲೂ ತಡವರಿಸದೆ ಕೊನೆಯತನಕ ಹೇಳಿದಳು. ನಾಚಿಕೆಯೂ ಸಂತೋಷವೂ ಒಟ್ಟಿಗೇ ನುಗ್ಗಿ ಬಂದು, ಎಂಟರದ್ದನ್ನೂ ಹೇಳಿಸಿದೆ.

ಈ ಕತೆಯನ್ನು ಎಷ್ಟೋ ಜನಕ್ಕೆ ಹೇಳಿ ಭೇಷ್ ಎನಿಸಿಕೊಂಡಿದ್ದೇನೆ. ನಿನ್ನೆಯ ಆದೇಶ ನೋಡಿ ಹಿಗ್ಗುತ್ತಿದ್ದಾಗ, ನನ್ನ ಈಗಿನ ತರಗತಿಯಲ್ಲಿ ಯಾರಿಗೆ ಕೇಳಿಸುತ್ತದೆ, ಯಾರಿಗಿಲ್ಲ ಎಂದು ಒಮ್ಮೆಯೂ ನೋಡಿಲ್ಲವಲ್ಲ ಎಂದು ಥಟ್ಟನೆ ಹೊಳೆಯಿತು. ಇವತ್ತು ಬೆಳಿಗ್ಗೆ ಮಕ್ಕಳ ಹಿಂದೆ ಗೋಡೆಗೆ ಒರಗಿ ನಿಂತು ಒಬ್ಬೊಬ್ಬರ ಹೆಸರನ್ನು ಮೆಲ್ಲಗೆ ಕರೆದೆ. ಅವಕ್ಕೆ ಆಟವೋ ಆಟ. ಕರೆದ ಕೂಡಲೇ ಗಿರ್ರನೆ ತಿರುಗಿ ನಗುತ್ತಿದ್ದವು. ಎಲ್ಲರಿಗಿಂತ ನನಗೆ ಹತ್ತಿರ, ಕೊನೆಯ ಸಾಲಿನಲ್ಲಿದ್ದ ಶಬಾನಾ ಮಾತ್ರ ತಿರುಗಲಿಲ್ಲ. ಅವಳನ್ನು ಅಲ್ಲಿ ಕೂರಿಸಿದ್ದವನೂ ನಾನೇ.