ಇನ್ನೂರ ಹದಿನಾಲ್ಕನೆಯ ಸ್ಲೈಡ್

ಮಣಿಪಾಲದ ಟೈಗರ್ ಸರ್ಕಲ್ ಹತ್ತಿರದ ಭೋಜಣ್ಣನ ಸೈಬರ್ ಕೆಫೆಯಲ್ಲಿ ಒಂಬತ್ತು ಕಂಪ್ಯೂಟರುಗಳಿದ್ದವು. ಅವುಗಳಲ್ಲಿ ಎಂಟಕ್ಕೆ ನಿನ್ನೆ ಎಂಬುದೇ ಇರಲಿಲ್ಲ. ಹುಡುಗರು ಸಿಕ್ಕಿದ್ದೆಲ್ಲ ಡೌನ್‌ಲೋಡ್ ಮಾಡಿ ವೈರಸ್ ತುಂಬಿಸುತ್ತಾರೆಂದು ಭೋಜಣ್ಣ ಅವಕ್ಕೆ ಒಂದೊಂದು ಕಾರ್ಡು ಹಾಕಿಸಿದ್ದ. ಸ್ವಿಚ್ಚು ಆರಿಸಿ ಮತ್ತೆ ಹಾಕಿದರೆ ಸಾಕು, ಮೆಷಿನ್ನು ಕಾರ್ಡು ಹಾಕಿದ ದಿನಕ್ಕೇ ವಾಪಸು. ನಡುವೆ ಯಾರು ಏನು ಬರೆದಿಟ್ಟಿದ್ದರೂ ಮಾಯ. ‘ಇದರಲ್ಲಿ ಇಟ್ಟದ್ದು ಉಳಿಯುವುದಿಲ್ಲ’ ಎಂದು ಎಂಟೂ ಮೆಷಿನ್ನುಗಳ ನೆತ್ತಿಗೆ ಚೀಟಿ ಅಂಟಿಸಿದವಳು ಕೌಂಟರಿನಲ್ಲಿ ಕೂರುವ ಶಶಿಕಲಾ. ಆದರೂ ವಾರಕ್ಕೊಬ್ಬ ಎಂಜಿನಿಯರಿಂಗ್ ಹುಡುಗ ಪ್ರಾಜೆಕ್ಟ್ ಕಳೆದುಕೊಂಡು ಕೌಂಟರಿನ ಮುಂದೆ ಬಂದು ನಿಲ್ಲುತ್ತಿದ್ದ. “ಚೀಟಿ ಓದಲಿಕ್ಕೆ ಎಂತ ಕಷ್ಟ ನಿಮಗೆ?” ಎಂದು ಇವಳು ಗದರುತ್ತಿದ್ದಳು. ಆ ಗತ್ತು ನೋಡಬೇಕಿತ್ತು. ಪಿಯುಸಿ ಫೇಲಾದ ಹುಡುಗಿ ದೆಹಲಿ, ದುಬೈಗಳಿಂದ ಓದಲು ಬಂದವರಿಗೆ ಬುದ್ಧಿ ಹೇಳುವುದೆಂದರೆ ಸಣ್ಣ ಮಾತಲ್ಲ.

ಒಂಬತ್ತನೆಯದು ಕೌಂಟರಿನ ಮೆಷಿನ್ನು. ಅದಕ್ಕೆ ಕಾರ್ಡು ಇರಲಿಲ್ಲ, ಅದು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಿತ್ತು. ಶಶಿಕಲಾಳ ತಮ್ಮ ಕರಿಬಸವ ಇದ್ದದ್ದು ಅದರಲ್ಲಿ.

ಅವರು ಗಜೇಂದ್ರಗಡದ ಕಡೆಯವರು. ಅಪ್ಪ ತಿಮ್ಮಣ್ಣ ಕಟ್ಟಡಗಳ ವಾಚ್‌ಮನ್. ಕಟ್ಟಡ ಏಳುವ ತನಕ ಅದರ ಅಡಿಯಲ್ಲೇ ಸಂಸಾರ, ಎದ್ದು ನಿಂತ ಮೇಲೆ ಗಂಟುಮೂಟೆ ಕಟ್ಟಿಕೊಂಡು ಮುಂದಿನ ಪಾಯದ ಕಡೆಗೆ. ಹೊಸ ಸ್ಲ್ಯಾಬ್ ಹಾಕಿದರೆ ಅದರ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ದಿನಕ್ಕೆ ಮೂರು ಸಲ ನೀರು ನಿಲ್ಲಿಸಬೇಕು, ಒಣಗಿದರೆ ಬಿರುಕು ಬಿಡುತ್ತದೆ. ಈ ನೀರು ಹಾಕುವುದು ಎಲ್ಲ ಕಡೆಯೂ ವಾಚ್‌ಮನ್ನನ ಮಕ್ಕಳ ಪಾಲಿನ ಕೆಲಸ. ಸ್ಲ್ಯಾಬ್ ಒಣಗಿದ್ದು ಕಂಟ್ರಾಕ್ಟರನ ಕಣ್ಣಿಗೆ ಬಿದ್ದರೆ ಅಪ್ಪನ ಕೆಲಸವೂ ಹೋಯಿತು, ತಲೆಯ ಮೇಲಿನ ತಗಡೂ ಹೋಯಿತು.

ಎರಡು ಸಾವಿರದ ಇಸವಿಯ ಮೇ ತಿಂಗಳ ಒಂದು ಭಾನುವಾರ ಕರಿಬಸವ ಬೆಳಗಿನ ನೀರು ಹಾಕಿ, ಮಧ್ಯಾಹ್ನದ್ದಕ್ಕೆ ಕೈಕೊಟ್ಟ. ಅವನಿಗೆ ಹದಿನಾಲ್ಕು, ಅಕ್ಕನಿಗೆ ಹದಿನಾರು. ಐದು ವರ್ಷದಿಂದ ಕರಾವಳಿಯಲ್ಲಿದ್ದರೂ ಸಮುದ್ರವನ್ನು ಹತ್ತಿರದಿಂದ ನೋಡಿರಲಿಲ್ಲ, ಪಾಪ. ಶಶಿಕಲಾಳ ಕ್ಲಾಸಿನ ಮೋಕ್ಷಾ ದಾರಿ ಬಲ್ಲವಳು. ಮೂವರೂ ಬಸ್ಸು ಹತ್ತಿ ಕಾಪುವಿಗೆ ಹೋದರು.

ಮಳೆಗಾಲ ಹತ್ತಿರವಾಗಿತ್ತು, ನೀರಿನ ಬಣ್ಣ ಕೆಟ್ಟಿತ್ತು. ಹುಡುಗಿಯರು ಮರಳಲ್ಲಿ ಕೂತರು. ಕರಿಬಸವ ದೀಪಸ್ತಂಭದ ಆಚೆಗಿನ ಬಂಡೆಗಳ ಹಿಂದೆ ಹೋದ. ದಡದಲ್ಲಿ ಬಲೆ ಎಳೆಯುತ್ತಿದ್ದವರ ಗುಂಪಿನಿಂದ ಒಬ್ಬ ಇವರ ಕಡೆ ಬಂದ. ನೋಡಿದರೆ ಶೇಖರ, ಕಂಟ್ರಾಕ್ಟರನ ಲಾರಿಯ ಡ್ರೈವರ್. ಮನೆ ಉಚ್ಚಿಲದಲ್ಲಿ, ರಜೆಯ ದಿನ ತನ್ನವರ ಜೊತೆ ಬಲೆಗೆ ಕೈ ಹಾಕಲು ಬಂದಿದ್ದ.

“ನೀರು ಇವತ್ತು ಸರಿ ಇಲ್ಲ. ನಿಮ್ಮ ಜೊತೆ ಇನ್ನು ಯಾರಾದರೂ ಇದ್ದಾರಾ?” ಎಂದು ಕೇಳಿದ. ಕೇಳುತ್ತಲೇ ಬಂಡೆಗಳ ಕಡೆ ಎರಡು ಹೆಜ್ಜೆ ಹಾಕಿದ್ದ.

ಶಶಿಕಲಾಳ ತಲೆಯಲ್ಲಿ ಆಗ ಇದ್ದದ್ದು ಒಣಗುತ್ತಿರುವ ಸ್ಲ್ಯಾಬ್, ಅದನ್ನು ಬಿಟ್ಟು ತಮ್ಮ ಇಲ್ಲಿದ್ದಾನೆಂದು ಕಂಟ್ರಾಕ್ಟರನ ಕಿವಿಗೆ ಬೀಳುವ ಭಯ, ಅಷ್ಟೇ. “ಯಾರೂ ಇಲ್ಲ” ಎಂದಳು. ಶೇಖರ ಹಿಂದಿರುಗಿ ಬಲೆಗೆ ಹೋದ.

ಕರಿಬಸವ ಸಿಕ್ಕಿದ್ದು ಮೂರನೆಯ ದಿನ. ಸ್ಲ್ಯಾಬಿಗೆ ಏನೂ ಆಗಲಿಲ್ಲ ನೋಡಿ. ಇವತ್ತಿಗೂ ಅದರ ಮೇಲೆ ಮೂರು ಮಹಡಿ ನಿಂತಿವೆ, ಹುಡುಗರು ಬಟ್ಟೆ ಒಣಗಿಸುತ್ತಾರೆ. ತಿಮ್ಮಣ್ಣ ಮಾತು ಕಡಿಮೆ ಮಾಡುತ್ತಾ ಮಾಡುತ್ತಾ ಎರಡು ವರ್ಷಕ್ಕೆ ತೀರಿಕೊಂಡ. ಶೇಖರ ಆ ತಿಂಗಳೇ ಲಾರಿ ಬಿಟ್ಟು ಹೋದ, ದಡದಲ್ಲಿ ತಾನು ಕೇಳಿದ್ದನ್ನು ಯಾರಿಗೂ ಹೇಳಲಿಲ್ಲ. ಮೋಕ್ಷಾ ಮದುವೆಯಾಗಿ ಗಲ್ಫಿಗೆ ಹೋದಳು, ‘ಯಾರೂ ಇಲ್ಲ’ ಎಂದ ಆ ಮಾತನ್ನೂ ಜೊತೆಗೇ ತೆಗೆದುಕೊಂಡು ಹೋದಳು. ಅವ್ವ ಭಾಗವ್ವ ಹಾಸ್ಟೆಲೊಂದರ ನೆಲ ಒರೆಸುತ್ತಾ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು: “ನೋಡಾಕ ಒಂದು ನರಪಿಳ್ಳೆ ಇರಲಿಲ್ಲಂತ. ಇದ್ದಿದ್ರ ಬಿಡ್ತಿದ್ರೇನು?” ಈ ಮಾತು ಕೇಳಿದಾಗಲೆಲ್ಲ ಶಶಿಕಲಾ ಎದ್ದು ಹೊರಗೆ ಹೋಗುತ್ತಿದ್ದಳು. ಹೇಳಿಬಿಡಬೇಕೆಂದು ಆರು ವರ್ಷ ಬಾಯಿ ತೆರೆದದ್ದೇ ತೆರೆದದ್ದು, ಮಾತು ಬರಲಿಲ್ಲ.

ಕೆಫೆಗೆ ಸೇರಿದ ಮರುವರ್ಷ ಕಾರ್ಕಳದ ಅಕ್ಷಿತ್ ಎಂಬ ವಿದ್ಯಾರ್ಥಿ ಅವಳಿಗೊಂದು ಹೊಸ ನಮೂನೆಯ ಕಥೆ ತೋರಿಸಿದ. ಪರದೆಯ ಮೇಲೆ ಹುಡುಗ ಹುಡುಗಿಯರ ಚಿತ್ರ, ಕೆಳಗೆ ಅವರ ಮಾತು. ಅಲ್ಲಲ್ಲಿ ಕಥೆ ನಿಂತು ಕೇಳುತ್ತದೆ, ಈಗ ಏನು ಮಾಡಲಿ? ಎರಡು ದಾರಿ, ಒಂದನ್ನು ಒತ್ತಬೇಕು. ತಪ್ಪು ದಾರಿ ಒತ್ತಿದರೆ ಅದೇ ದಿನದ ಅದೇ ಬೆಳಿಗ್ಗೆ ಮತ್ತೆ ಶುರು. ಸರಿ ದಾರಿ ಸಿಗುವ ತನಕ ಆ ಹುಡುಗರಿಗೆ ನಾಳೆ ಇಲ್ಲ.

“ಇದನ್ನು ನಾವೂ ಮಾಡಬಹುದಾ?”

“ಸೆಮಿನಾರಿಗೆ ಮಾಡುವ ಸ್ಲೈಡು ಉಂಟಲ್ಲ, ಸ್ಲೈಡಿಗೆ ಸ್ಲೈಡು ಲಿಂಕ್ ಮಾಡಿದರೆ ಆಯ್ತು ಅಕ್ಕ. ಎಂತ ದೊಡ್ಡ ವಿದ್ಯೆ ಅಲ್ಲ.”

ದೊಡ್ಡ ವಿದ್ಯೆ ಅಲ್ಲದ್ದಕ್ಕೆ ಅವಳು ಎರಡು ವರ್ಷ ತೆಗೆದುಕೊಂಡಳು. ಭೋಜಣ್ಣ ಊಟಕ್ಕೆ ಹೋದಾಗ, ಕರೆಂಟು ಬಂದು ಗಿರಾಕಿ ಬಾರದಾಗ, ಮೌಸ್ ಹಿಡಿದು ಚಿತ್ರ ಬರೆದಳು. ಕರಿಬಸವನಿಗೆ ಗುಂಡಿ ತಪ್ಪಿ ಹಾಕಿದ ನೀಲಿ ಅಂಗಿ. ಅವನಿಗೆ ಮೂರೇ ಮುಖ ಬರೆಯಲು ಬಂದದ್ದು, ನಗುವುದು, ಸಿಟ್ಟು, ಬೆನ್ನು ತಿರುಗಿಸಿದ್ದು. ಮೊದಲ ಸ್ಲೈಡಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವನು ಹೇಳುತ್ತಾನೆ, “ಅಕ್ಕಾ, ಹೋಗೂನು?” ಬಸ್ಸು ಹತ್ತಿದರೂ, ಹತ್ತದಿದ್ದರೂ, ಬುತ್ತಿ ತಿನ್ನಲು ಕೂತರೂ, ಮೋಕ್ಷಾಳ ಜೊತೆ ಜಗಳ ತೆಗೆದರೂ ಕಥೆ ಹೇಗೋ ಹೊರಳಿ ದೀಪಸ್ತಂಭದ ಹತ್ತಿರ ಬಂದು ನಿಲ್ಲುತ್ತಿತ್ತು. ಆಮೇಲೆ ಬೆನ್ನು ತಿರುಗಿಸಿದ ಚಿತ್ರ. ಆಮೇಲೆ ಮತ್ತೆ, “ಅಕ್ಕಾ, ಹೋಗೂನು?”

ಭಾನುವಾರ ಮಧ್ಯಾಹ್ನ ಭಾಗವ್ವನಿಗೆ ಬಿಡುವು. ಬಂದು ಕೌಂಟರಿನ ತಿರುಗುವ ಕುರ್ಚಿಯಲ್ಲಿ ಕಾಲು ಮೇಲೆ ಎತ್ತಿಕೊಂಡು ಕೂರುತ್ತಿದ್ದಳು. ಓದು ಬಾರದವಳು, ಮಗಳು ಓದಿ ಹೇಳಿದ ದಾರಿಗಳಲ್ಲಿ ಒಂದನ್ನು ತಾನೇ ಬೆರಳಿಟ್ಟು ಆರಿಸುತ್ತಿದ್ದಳು.

“ಈಗರ ಮನೀಗೆ ಬಂದನೇನು?”

“ಇಲ್ಲ ಬೇ.”

“ಹಂಗಾರ ಮತ್ತ ಮೊದಲಿಂದ ಹಚ್ಚು.”

ಮಗನನ್ನು ಮನೆಗೆ ತರಲು ಒಂದು ಸ್ಲೈಡು ಸಾಕಿತ್ತು. ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಶೇಖರನ ಪ್ರಶ್ನೆ ಇಲ್ಲದ ಪ್ರತಿಯೊಂದು ದಾರಿಯೂ ಸುಳ್ಳೆಂದು ಶಶಿಕಲಾಳಿಗೆ ಗೊತ್ತಿತ್ತು, ಅದನ್ನು ಬರೆಯಲು ಕೈ ಏಳುತ್ತಿರಲಿಲ್ಲ. ಕೊನೆಗೆ ಎರಡು ಸಾವಿರದ ಆರರ ಜುಲೈಯ ಒಂದು ಶುಕ್ರವಾರ ಕೈ ಎದ್ದಿತು. ದಡದ ಮೇಲೆ ಶೇಖರನನ್ನು ಬರೆದಳು. ಅವನ ಪ್ರಶ್ನೆ ಬರೆದಳು. ಕೆಳಗೆ ಎರಡು ದಾರಿ: ‘ಯಾರೂ ಇಲ್ಲ’, ‘ನನ್ನ ತಮ್ಮ ಇದ್ದಾನೆ’. ಎರಡನೆಯದನ್ನು ಒತ್ತಿದರೆ ಶೇಖರ ಬಂಡೆಗಳ ಕಡೆ ಓಡುತ್ತಾನೆ, ಮೈಯೆಲ್ಲ ಒದ್ದೆಯಾದ ಕರಿಬಸವ ಸಿಟ್ಟಿನ ಮುಖ ಹೊತ್ತು ಲಾರಿಯಲ್ಲಿ ಮನೆಗೆ ಬರುತ್ತಾನೆ. ಅದು ಇನ್ನೂರ ಹದಿನಾಲ್ಕನೆಯ ಸ್ಲೈಡು. ಬಾಯಲ್ಲಿ ಬಾರದ್ದನ್ನು ಅವ್ವನಿಗೆ ಹೀಗೆ ತೋರಿಸಿಬಿಡುವುದು, ಆಮೇಲೆ ಅವಳು ಹೊಡೆದರೆ ಹೊಡೆಯಲಿ ಎಂದು ಗಟ್ಟಿ ಮಾಡಿಕೊಂಡಿದ್ದಳು.

ಮನೆಗೆ ಹೋಗಿ ಹೇಳಿದಳು, “ಈ ಐತಾರ ತಪ್ಪಸಬ್ಯಾಡ ಬೇ. ಮನೀಗೆ ಬರ್ತಾನ.”

ಶನಿವಾರ ಬೆಳಿಗ್ಗೆ ಬಂದಾಗ ಭೋಜಣ್ಣ ಕೌಂಟರಿನ ಮೆಷಿನ್ನಿಗೆ ತಟ್ಟುತ್ತಾ ನಿಂತಿದ್ದ. “ಇದಕ್ಕೂ ವೈರಸ್ ಹೊಡೆದಿದೆ ಮಾರಾಯ್ತಿ. ರೇಮಂಡಿಗೆ ಫೋನ್ ಮಾಡಿದ್ದೇನೆ. ಎಲ್ಲ ಅಳಿಸಿ ಹೊಸದಾಗಿ ಹಾಕಿ, ಇದಕ್ಕೂ ಒಂದು ಕಾರ್ಡು ಹಾಕಿಸುವ. ನಿನ್ನದು ಇದರಲ್ಲಿ ಎಂತಾದರೂ ಉಂಟಾ?”

ಭೋಜಣ್ಣ ಕೆಟ್ಟವನಲ್ಲ. ಉಂಟು ಎಂದಿದ್ದರೆ ಹೆಚ್ಚೆಂದರೆ ನಕ್ಕು ಬಿಡುತ್ತಿದ್ದ. ಆದರೆ ಅವನ ಅಂಗಡಿಯಲ್ಲಿ, ಅವನ ಮೆಷಿನ್ನಿನಲ್ಲಿ, ಅವನ ಹೊತ್ತಿನಲ್ಲಿ ಎರಡು ವರ್ಷ ಚಿತ್ರ ಬರೆದದ್ದು ನೆನಪಾಗಿ ಶಶಿಕಲಾಳ ಮುಖ ಬಿಸಿಯಾಯಿತು. ರಿಪೇರಿಯ ರೇಮಂಡ್ ಉಡುಪಿಯಿಂದ ಬರುವವನು, ಯಾವತ್ತೂ ಊಟಕ್ಕೆ ಮೊದಲು ಬಂದವನಲ್ಲ. ಭೋಜಣ್ಣ ಅತ್ತ ಹೋದ ಮೇಲೆ ಸಿ.ಡಿ.ಗೆ ಹಾಕಿಕೊಳ್ಳಲು ಹತ್ತು ನಿಮಿಷ ಸಾಕು. ಖಾಲಿ ಸಿ.ಡಿ. ಆಗಲೇ ಚೀಲದಲ್ಲಿತ್ತು.

“ಎಂತ ಇಲ್ಲ” ಎಂದಳು.

ಭೋಜಣ್ಣ ಅತ್ತ ಹೋಗಲಿಲ್ಲ. ಅವಳನ್ನೇ ಪ್ರಿಂಟರಿನ ಶಾಯಿ ತುಂಬಿಸಿಕೊಂಡು ಬರಲು ಉಡುಪಿಗೆ ಕಳುಹಿಸಿದ. ಬಸ್ಸಿಂದಿಳಿದು ಮಳೆಯಲ್ಲಿ ಓಡಿಕೊಂಡು ಬಂದಾಗ ಇನ್ನೂ ಹನ್ನೊಂದೂವರೆ. ರೇಮಂಡ್ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ಇವತ್ತು ಬೇಗ ಆಯ್ತು ನೋಡಿ. ಇನ್ನು ಇದಕ್ಕೆ ಯಾವ ವೈರಸ್ಸೂ ಇಲ್ಲ, ಆರಿಸಿ ಹಾಕಿದರೆ ಹೊಸದರ ಹಾಗೆ.”

ಅಳಿಸಿದ್ದನ್ನು ವಾಪಸು ತೆಗೆಯಲಿಕ್ಕೆ ಆಗುವುದಿಲ್ಲವಾ ಎಂದು ಕೇಳಿದಳು. ಆಗುವುದಿಲ್ಲ ಎಂದ. “ಯಾಕೆ, ಎಂತ ಇಲ್ಲ ಅಂತ ಹೇಳಿದ್ದೀರಂತೆ ಅಲ್ವಾ?”

ಅವಳು ಚೀಟಿ ಬರೆದು ಒಂಬತ್ತನೆಯ ಮೆಷಿನ್ನಿಗೂ ಅಂಟಿಸಿದಳು.

ಭಾನುವಾರ ಭಾಗವ್ವ ತೊಳೆದ ಸೀರೆ ಉಟ್ಟುಕೊಂಡು, ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಬಂದಳು. ಕುರ್ಚಿಯಲ್ಲಿ ಕಾಲು ಎತ್ತಿಕೊಂಡು ಕೂತಳು. ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ, ಬೇರೆ ಏನೂ ಇರಲಿಲ್ಲ.

“ನಮ್ಮ ಕರಿಬಸ್ಯಾ ಎಲ್ಲಿ?”

“ಅಳಿಸಿ ಹೋತು ಬೇ.”

“ಎಲ್ಲಾನೂ?”

“ಎಲ್ಲಾನೂ.”

ಭಾಗವ್ವ ಬಹಳ ಹೊತ್ತು ಗುಡ್ಡವನ್ನೇ ನೋಡಿದಳು. ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದಳು. “ಹೋಗ್ಲಿ ಬಿಡು. ಮನೀಗೆ ಬರ್ತಾನ ಅಂದಿದ್ದಿಯಲ್ಲ, ಹ್ಯಾಂಗ ಬಂದ? ಬಾಯಿಲೆ ಹೇಳು.”

ಶಶಿಕಲಾ ಬಾಯಿ ತೆರೆದಳು. ಶೇಖರನ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

“ಬಸ್ಸು ಹತ್ತಿ ಬಂದ” ಎಂದಳು.

“ಬರ್ತಿದ್ದ ನನ್ನ ಮಗ. ಯಾರರ ಒಬ್ರು ಕರದಿದ್ರ ಬರ್ತಿದ್ದ.” ಭಾಗವ್ವ ಡಬ್ಬಿಯ ಮುಚ್ಚಳ ತೆಗೆದು ರೊಟ್ಟಿ ಮುರಿದಳು. “ಕರಿಯಾಕ ಅವತ್ತು ಅಲ್ಲಿ ಯಾರೂ ಇರಲಿಲ್ಲೇನು?”

“ಯಾರೂ ಇರಲಿಲ್ಲ ಬೇ” ಎಂದಳು ಶಶಿಕಲಾ.